ಕಾಡಿನ ಬೆಂಕಿ, ಊರಿನ ಬಿಸಿಲು
(ಮಿಲ್ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಗೆ ಕಾಡಿನ ಬೆಂಕಿಯ ವಿಷಯವನ್ನು ಏತಕ್ಕೆ ಆರಿಸಿಕೊಂಡಿರಿ ಎಂದು ಕೆಲವರು ಕೇಳಿದ್ದಾರೆ. ಬೋನಸ್ಸಿನ ಮಾತಿದೆ, ತುಟ್ಟಿಭತ್ಯೆಯ ಮಾತಿದೆ, ಅಂಗಡಿ ಬಾಡಿಗೆಯ ಮಾತಿದೆ. ಅವನ್ನೆಲ್ಲ ಬಿಟ್ಟು ಎಲ್ಲೋ ದೂರದ ಬೆಟ್ಟದಲ್ಲಿ ಹತ್ತಿ ಉರಿಯುವ ಹುಲ್ಲಿನ ವಿಚಾರ ನಮಗೇಕೆ ಎಂದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಮೊದಲು ಉತ್ತರ ಹೇಳಿ ಮುಂದೆ ಹೋಗೋಣ.

ಮೊದಲನೆಯದು ನೀರು. ತುಂಗೆ, ಭದ್ರೆ, ಕಾವೇರಿ, ಕಬಿನಿ, ಯಾವ ಹೊಳೆಯನ್ನೇ ತೆಗೆದುಕೊಳ್ಳಿ, ಅದು ಹುಟ್ಟುವುದು ಕಾಡಿನಲ್ಲಿ. ನಲ್ಲಿಯ ಮುಂದೆ ಕೊಡ ಸಾಲು ಹಚ್ಚುವ ತಾಯಂದಿರಿಗೆ ಕಾಡು ದೂರದ ವಸ್ತುವಲ್ಲ. ಎರಡನೆಯದು ಸರಕು. ಸೀಗೆಕಾಯಿ, ಅಂಟುವಾಳ, ನೆಲ್ಲಿಕಾಯಿ, ಜೇನು, ಕಸಬರಿಕೆ ಹುಲ್ಲು ನಮ್ಮ ಪೇಟೆಯ ಅಂಗಡಿಗಳಿಗೆ ಬರುವುದು ಯಾರದೋ ಕೈ ಕಾಡಿನಲ್ಲಿ ಅವನ್ನು ಆಯ್ದುದರಿಂದ. ಮೂರನೆಯದು ದುಡಿಮೆ. ಕಾಡಿನ ಬೆಂಕಿಯನ್ನು ಆರಿಸುವವನು ದಿನಗೂಲಿಯವನು. ನಮ್ಮಲ್ಲಿ ಬಾಯ್ಲರಿನ ಮುಂದೆ ನಿಲ್ಲುವವನಿಗೂ, ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿಯುವವನಿಗೂ, ಮಂಡಿಯಲ್ಲಿ ಮೂಟೆ ಹೊರುವ ಹಮಾಲನಿಗೂ ಅವನಿಗೂ ಇರುವ ಸಂಬಂಧ ಒಂದೇ: ಬಿಸಿಯ ಮುಂದೆ ನಿಂತು ದುಡಿಯುವುದು, ಮತ್ತು ಆ ಬಿಸಿಗೆ ತಕ್ಕ ಕೂಲಿಯೂ ರಕ್ಷಣೆಯೂ ಇಲ್ಲದಿರುವುದು. ಆದುದರಿಂದ ಈ ವಿಷಯ ನಮ್ಮದೇ.

ಈಗ ಒಂದು ಬೆಂಕಿಯ ಕಥೆಯನ್ನು ತೆಗೆದುಕೊಳ್ಳೋಣ.

2019ರ ಫೆಬ್ರವರಿ 21ರ ಸುಮಾರಿಗೆ ಬಂಡೀಪುರದ ಹುಲಿ ಕಾಡಿನಲ್ಲಿ, ಕುಂದಕೆರೆ ಮತ್ತು ಗೋಪಾಲಸ್ವಾಮಿ ಬೆಟ್ಟದ ಕಡೆ, ಬೆಂಕಿ ಕಾಣಿಸಿತು. ಗಾಳಿ ಬಲವಾಗಿ ಬೀಸುತ್ತಿತ್ತು. ನಾಲ್ಕೈದು ದಿನಗಳಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಹಾರಿತು. ಉಪಗ್ರಹದಿಂದ ತೆಗೆದ ಚಿತ್ರಗಳನ್ನು ಅಳೆದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕೊಟ್ಟ ಲೆಕ್ಕದಂತೆ ಸುಮಾರು 4,400 ಹೆಕ್ಟೇರು, ಎಂದರೆ ಹತ್ತಿರ ಹತ್ತಿರ 10,900 ಎಕರೆ ಸುಟ್ಟುಹೋಯಿತು. ಫೆಬ್ರವರಿ 25ರಂದು ವಾಯುಪಡೆಯ ಹೆಲಿಕಾಪ್ಟರುಗಳು ಬಂದು ದೊಡ್ಡ ಬಕೆಟ್ಟುಗಳಲ್ಲಿ ನೀರು ತುಂಬಿಕೊಂಡು ಮೇಲಿನಿಂದ ಸುರಿದುವು. ಪತ್ರಿಕೆಗಳಲ್ಲಿ ಚಿತ್ರ ಬಂದುದು ಹೆಲಿಕಾಪ್ಟರಿನದು. ಅದಕ್ಕೆ ಮೊದಲೂ ಅದರ ನಂತರವೂ ಕೆಳಗೆ ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿಯನ್ನು ಬಡಿದವರು ಗಾರ್ಡುಗಳು, ವಾಚರುಗಳು, ಸುತ್ತಲಿನ ಹಳ್ಳಿ ಹಾಡಿಗಳ ಜನ, ಮತ್ತು ಪೇಟೆಗಳಿಂದ ಹೋದ ಸ್ವಯಂಸೇವಕರು.

ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ವಿಮಾನ ಪ್ರದರ್ಶನಕ್ಕೆ ಬಂದವರು ಬಯಲಿನಲ್ಲಿ ನಿಲ್ಲಿಸಿದ್ದ ಸುಮಾರು 300 ಕಾರುಗಳು ಒಣಹುಲ್ಲಿನ ಬೆಂಕಿಗೆ ಸಿಕ್ಕಿ ಸುಟ್ಟುಹೋದುವು. ಅಲ್ಲಿಯೂ ಒಣಹುಲ್ಲು, ಅಲ್ಲಿಯೂ ಗಾಳಿ. ಕಾಡಾದರೇನು, ರಾಜಧಾನಿಯಾದರೇನು, ಹುಲ್ಲು ಒಣಗಿ ಗಾಳಿ ಎದ್ದರೆ ಬೆಂಕಿಗೆ ಎಲ್ಲವೂ ಒಂದೇ ಎಂಬುದು ಆ ವಾರ ಎಲ್ಲರಿಗೂ ಗೊತ್ತಾಯಿತು. ಆದರೆ ಕಾರು ಕಳೆದುಕೊಂಡವನಿಗೆ ವಿಮೆಯ ಕಂಪನಿಯ ಬಾಗಿಲು ಇತ್ತು. ಕಾಡನ್ನು ನಂಬಿ ಬದುಕುವವನಿಗೆ ಅಂಥ ಬಾಗಿಲು ಯಾವುದೂ ಇರಲಿಲ್ಲ.

ಬೆಂಕಿ ಆರಿದ ಮೇಲೆ ಎಂದಿನಂತೆ ಒಂದೇ ಮಾತು: ಬೆಂಕಿ ಇಟ್ಟವರು ಯಾರು? ಕುರಿ ಮೇಯಿಸುವವನೋ, ಜೇನು ಕೀಳುವವನೋ, ಜಿಂಕೆ ಉದುರಿಸಿದ ಕೊಂಬು ಹುಡುಕುವವನೋ, ಇಲಾಖೆಯ ಮೇಲೆ ಹಗೆ ಇದ್ದವನೋ? ನಮ್ಮ ದೇಶದ ಕಾಡಿನ ಬೆಂಕಿಗಳಲ್ಲಿ ನೂರಕ್ಕೆ 95ರಷ್ಟು ಮನುಷ್ಯರ ಕೈಯಿಂದಲೇ ಆಗುವುವು ಎಂದು ಸರಕಾರದ ವರದಿಗಳು ಹೇಳುತ್ತವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಸಿಡಿಲಿನಿಂದ ಹೊತ್ತುವ ಬೆಂಕಿ ನಮ್ಮಲ್ಲಿ ಕಡಮೆ. ಬೇಕೆಂದೇ ಬೆಂಕಿ ಇಡುವವರೂ ಇದ್ದಾರೆ; ಅವರ ಪರವಾಗಿ ವಕಾಲತ್ತು ಹಾಕಲು ನಾವು ಇಲ್ಲಿ ನಿಂತಿಲ್ಲ. ಆದರೆ ಕಡ್ಡಿ ಗೀರಿದವನನ್ನು ಹಿಡಿದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. ಬೀಡಿಯ ತುಂಡು ಕಾಡಿನಲ್ಲಿ ಎಂದಿನಿಂದಲೂ ಬೀಳುತ್ತಿದೆ. ಒಂದು ವರ್ಷ ಅದು ತಾನೇ ನಂದಿಹೋಗುತ್ತದೆ. ಇನ್ನೊಂದು ವರ್ಷ ಹತ್ತು ಸಾವಿರ ಎಕರೆ ತಿನ್ನುತ್ತದೆ. ಈ ವ್ಯತ್ಯಾಸ ಎಲ್ಲಿಂದ ಬಂತು? ನಾವು ಕೇಳಬೇಕಾದ ಪ್ರಶ್ನೆ ಇದು.

ಉತ್ತರದಲ್ಲಿ ಮೂರು ಭಾಗಗಳಿವೆ: ಕಾಡಿನ ನೆಲದ ಮೇಲೆ ಕೂಡಿಬಿದ್ದ ಉರುವಲು, ಅದನ್ನು ಒಣಗಿಸುವ ಬಿಸಿಲು, ಮತ್ತು ಬೆಂಕಿ ಕಂಡಾಗ ಓಡಿಬರುವ ಜನ. ಮೂರನ್ನೂ ಒಂದೊಂದಾಗಿ ನೋಡೋಣ.

ಮೊದಲು ಉರುವಲು. ಬಂಡೀಪುರದ ಕಡೆ 2018ರ ಮುಂಗಾರು ಚೆನ್ನಾಗಿ ಸುರಿಯಿತು. ಹುಲ್ಲು, ಗಿಡ, ಬಳ್ಳಿ ಬೆಳೆದುವು. ಹಿಂಗಾರು ಕೈಕೊಟ್ಟಿತು. ಬೆಳೆದುದೆಲ್ಲ ನಿಂತಲ್ಲೇ ಒಣಗಿತು. ಇದರ ಜೊತೆಗೆ ಲಂಟಾನ. ಹೂವಿನ ಅಂದಕ್ಕಾಗಿ ಎರಡು ಶತಮಾನಗಳ ಹಿಂದೆ ಇಂಗ್ಲಿಷರ ಕಾಲದಲ್ಲಿ ಕಲ್ಕತ್ತೆಯ ತೋಟಕ್ಕೆ ತಂದ ಈ ಅಮೆರಿಕದ ಗಿಡ ಇಂದು ನಮ್ಮ ಕಾಡುಗಳ ನೆಲವನ್ನೆಲ್ಲ ಹಿಡಿದಿದೆ. ಬಂಡೀಪುರದ ಪೂರ್ವಕ್ಕಿರುವ ಬಿಳಿಗಿರಿರಂಗನ ಬೆಟ್ಟದಲ್ಲಿ ವಿಜ್ಞಾನಿಗಳು ಅಳತೆಯ ತುಂಡುಗಳನ್ನು ಗುರುತಿಸಿ ನೋಡಿದರು. 1997ರಲ್ಲಿ ನೂರು ತುಂಡುಗಳಿಗೆ ಸುಮಾರು 40ರಲ್ಲಿ ಲಂಟಾನ ಇತ್ತು. 2008ರ ಹೊತ್ತಿಗೆ ಸುಮಾರು 80ರಲ್ಲಿ. ಹುಲ್ಲಿಗೆ ಬಿದ್ದ ಬೆಂಕಿ ಮೊಣಕಾಲಿನೆತ್ತರ ಉರಿದು ಮುಂದೆ ಹೋಗುತ್ತದೆ. ದೊಡ್ಡ ಮರಕ್ಕೆ ತೊಗಟೆ ಕರಿಯಾಗುವುದಕ್ಕಿಂತ ಹೆಚ್ಚಿನ ಪೆಟ್ಟಾಗುವುದಿಲ್ಲ. ಒಣಗಿದ ಲಂಟಾನದ ಪೊದೆಗೆ ಬಿದ್ದ ಬೆಂಕಿ ಆಳಿಗಿಂತ ಎತ್ತರ ಏಳುತ್ತದೆ, ಏಣಿ ಹತ್ತಿದ ಹಾಗೆ ಮರದ ಕೊಂಬೆಗೆ ಹತ್ತುತ್ತದೆ. ಅದನ್ನು ಸೊಪ್ಪಿನ ಕೊಂಬೆಯಿಂದ ಬಡಿಯುವುದಿರಲಿ, ಹತ್ತಿರ ನಿಲ್ಲುವುದೂ ಆಗದು.

ಕಾಡಿನಲ್ಲಿ ಇಷ್ಟು ಉರುವಲು ಹೇಗೆ ಕೂಡಿಬಿತ್ತು? ಇಲ್ಲಿ ಸ್ವಲ್ಪ ಹಳೆಯ ಚರಿತ್ರೆ ಬೇಕಾಗುತ್ತದೆ.

ಇಂಗ್ಲಿಷರು ರೈಲು ಹಾಕಲು ತೊಡಗಿದಾಗ ಹಳಿಯ ಕೆಳಗಿಡುವ ದಿಮ್ಮಿಗಳಿಗಾಗಿ ಕಾಡು ಬೇಕಾಯಿತು. 1864ರಲ್ಲಿ ಅರಣ್ಯ ಇಲಾಖೆ ಹುಟ್ಟಿತು. 1865ರಲ್ಲಿ ಒಂದು ಕಾಯಿದೆ, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು, 1927ರಲ್ಲಿ ಮತ್ತೊಂದು. ಅಲ್ಲಿಯ ತನಕ ಊರಿನದು ಎಂದು ಜನ ತಿಳಿದಿದ್ದ ಕಾಡು ಸರಕಾರದ ಸೊತ್ತಾಯಿತು. ಬೆಂಕಿ ಇಡುವುದು ಅಪರಾಧವಾಯಿತು. ಅರಣ್ಯಾಧಿಕಾರಿಗಳ ಕಣ್ಣಿಗೆ ಬೆಂಕಿಯೆಂದರೆ ಮರದ ಶತ್ರು, ಮರವೆಂದರೆ ಬೊಕ್ಕಸಕ್ಕೆ ಬರುವ ಹಣ. ಆದುದರಿಂದ ಎಲ್ಲಿಯೂ ಯಾವ ಕಾಲದಲ್ಲಿಯೂ ಬೆಂಕಿ ಬೀಳಬಾರದೆಂಬ ಧೋರಣೆ ನಿಂತಿತು.

ಆದರೆ ಕೆಲವು ದಶಕಗಳಲ್ಲಿ ಅವರಿಗೇ ಒಂದು ಸಂಗತಿ ಕಂಡಿತು. ಬೆಂಕಿ ತಡೆದ ತೇಗದ ಕಾಡಿನಲ್ಲಿ, ಸಾಲದ ಕಾಡಿನಲ್ಲಿ ಹೊಸ ಸಸಿ ಏಳುತ್ತಿರಲಿಲ್ಲ. ದಟ್ಟ ಪೊದೆ ಬೆಳೆದು ಬೀಜಕ್ಕೆ ನೆಲ ಸಿಕ್ಕುತ್ತಿರಲಿಲ್ಲ, ಸಸಿಗೆ ಬೆಳಕು ಸಿಕ್ಕುತ್ತಿರಲಿಲ್ಲ. ಬರ್ಮಾದಲ್ಲಿಯೂ ಉತ್ತರ ಹಿಂದುಸ್ಥಾನದಲ್ಲಿಯೂ ಇದರ ಮೇಲೆ ಅಧಿಕಾರಿಗಳೊಳಗೇ ವಾದ ನಡೆಯಿತು. ಕಡೆಗೆ ಕೆಲವು ಕಾಡುಗಳಲ್ಲಿ ಚಳಿಗಾಲ ಮುಗಿಯುವ ಮುನ್ನವೇ ಸಣ್ಣ ಬೆಂಕಿ ಇಡುವ ಪದ್ಧತಿಯನ್ನು ಇಲಾಖೆಯೇ ಕೈಗೆತ್ತಿಕೊಂಡಿತು. ಜನ ಮಾಡಿದಾಗ ಅಪರಾಧವಾಗಿದ್ದುದು ಇಲಾಖೆ ಮಾಡಿದಾಗ ಶಾಸ್ತ್ರವಾಯಿತು.

ಈ ತಪ್ಪು ನಮ್ಮ ದೇಶದಲ್ಲಿ ಮಾತ್ರ ನಡೆದುದಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನದ ಅರಣ್ಯ ಇಲಾಖೆ 1935ರಲ್ಲಿ ಒಂದು ನಿಯಮ ಮಾಡಿತು: ಯಾವ ಬೆಂಕಿ ಕಂಡರೂ ಮಾರನೆಯ ದಿನ ಬೆಳಿಗ್ಗೆ 10 ಗಂಟೆಯೊಳಗೆ ಅದನ್ನು ಆರಿಸಿಬಿಡಬೇಕು. ಆ ನಿಯಮ ನಾಲ್ಕು ದಶಕ ನಡೆಯಿತು. ಸಣ್ಣ ಬೆಂಕಿಗಳನ್ನೆಲ್ಲ ಆರಿಸಿದ್ದರಿಂದ ಕಾಡಿನಲ್ಲಿ ಉರುವಲು ಸೇರುತ್ತ ಹೋಯಿತು. ಇಂದು ಅಲ್ಲಿ ಏಳುವ ಬೆಂಕಿಗಳು ಯಾರ ಕೈಗೂ ಸಿಕ್ಕದಂತಾಗಿರುವುದಕ್ಕೆ ಬಿಸಿಲಿನ ಜೊತೆಗೆ ಈ ಕೂಡಿಟ್ಟ ಸಾಲವೂ ಒಂದು ಕಾರಣ.

ಈಗ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಮಾತು ಕೇಳಿ. ಅವರು ಇಡುತ್ತಿದ್ದ ಬೆಂಕಿಗೆ ತರಗು ಬೆಂಕಿ ಎಂದು ಹೆಸರು. ಜನವರಿ, ಫೆಬ್ರವರಿಯ ಮೊದಲ ದಿನಗಳಲ್ಲಿ, ಹುಲ್ಲು ಪೂರ್ತಿ ಒಣಗುವ ಮುಂಚೆ, ನೆಲದಲ್ಲಿ ಇನ್ನೂ ತಣಿವು ಇರುವಾಗ ಇಡುವ ಬೆಂಕಿ ಅದು. ಕೆಳಗೆ ಬಿದ್ದ ತರಗೆಲೆಯನ್ನು ಮಾತ್ರ ತಿಂದು ತಾನೇ ಆರುತ್ತಿತ್ತು. ಅದರ ಮೇಲೆ ಹೊಸ ಹುಲ್ಲು ಚಿಗುರುತ್ತಿತ್ತು, ಕಾಡಿನ ಪ್ರಾಣಿಗೂ ಮೇವು ಸಿಕ್ಕುತ್ತಿತ್ತು. ಲಂಟಾನದ ಎಳೆಯ ಸಸಿ ಅದರಲ್ಲೇ ಸಾಯುತ್ತಿತ್ತು. ನೆಲ್ಲಿ ಮರಕ್ಕೆ ಹತ್ತಿ ಅದರ ರಸ ಹೀರುವ ಬದನಿಕೆಯನ್ನು, ಅವರ ಮಾತಿನಲ್ಲಿ ಉಪ್ಪಿಲನ್ನು, ಈ ಬೆಂಕಿಯ ಕಾವು ಹದ್ದಿನಲ್ಲಿಡುತ್ತಿತ್ತೆಂದು ಅವರು ಹೇಳುತ್ತಾರೆ. 1974ರಲ್ಲಿ ಆ ಬೆಟ್ಟ ವನ್ಯಧಾಮವಾಯಿತು. ಸೋಲಿಗರ ಬೇಸಾಯ ನಿಂತಿತು, ಬೆಂಕಿಯೂ ನಿಂತಿತು. 1972ರ ವನ್ಯಜೀವಿ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯ ನಂತರ ನೆಲ್ಲಿಕಾಯಿ, ಜೇನು ತೆಗೆದು ಮಾರುವುದಕ್ಕೂ ತಡೆ ಬಿತ್ತು. ಬೆಂಕಿ ನಿಂತ ಕಾಡಿನಲ್ಲಿ ಲಂಟಾನ ಹಬ್ಬಿತು. ಆ ಮೇಲೆ ಬಿದ್ದ ಬೆಂಕಿ ತರಗು ಬೆಂಕಿಯಾಗಿ ಉಳಿಯಲಿಲ್ಲ.

ಹಾಗಾದರೆ ನಾಳೆಯಿಂದಲೇ ಎಲ್ಲರೂ ಹಳೆಯ ಕಾಲದಂತೆ ಬೆಂಕಿ ಇಡಲಿ ಎಂದರೆ ಆಗುತ್ತದೆಯೇ? ಆಗುವುದಿಲ್ಲ. ಆಳೆತ್ತರದ ಲಂಟಾನ ನಿಂತಿರುವ ಕಾಡಿಗೆ ಬೆಂಕಿ ಇಟ್ಟರೆ ಅದು ನಾಶವೇ. ಮೊದಲು ಲಂಟಾನವನ್ನು ಬೇರು ಸಹಿತ ಕೀಳಬೇಕು, ಮರುವರ್ಷ ಮತ್ತೆ ಏಳುವ ಸಸಿಯನ್ನು ಕೀಳಬೇಕು, ಹುಲ್ಲು ಬರಬೇಕು. ಆ ಮೇಲೆ ಎಲ್ಲಿ, ಯಾವಾಗ, ಎಷ್ಟು ಬೆಂಕಿ ಎಂಬುದನ್ನು ತಿಳಿದವರು ಕೂತು ಗೊತ್ತುಮಾಡಬೇಕು. ಇದು ಯಂತ್ರದಿಂದ ಆಗುವ ಕೆಲಸವಲ್ಲ. ಸಾವಿರಾರು ಕೈಗಳು ವರ್ಷಾನುಗಟ್ಟಲೆ ಮಾಡಬೇಕಾದ ಕೆಲಸ. ಎಂದರೆ ಕೂಲಿಯ ಪ್ರಶ್ನೆ.

ಎರಡನೆಯದು ಬಿಸಿಲು. ಇದನ್ನು ನಿಮಗೆ ವಿವರಿಸಬೇಕಾಗಿಲ್ಲ; ನಿಮ್ಮ ಬೆನ್ನೇ ಹೇಳುತ್ತದೆ. ಆದರೂ ಅಂಕೆಗಳನ್ನು ತಿಳಿದಿರಬೇಕು. ತಂಪು ಊರೆಂದು ಹೆಸರಾದ ಬೆಂಗಳೂರಿನಲ್ಲಿ 2016ರ ಏಪ್ರಿಲ್ 24ರಂದು 39.2 ಡಿಗ್ರಿ ಸೆಲ್ಸಿಯಸ್ ಬಿಸಿಲು ಕಾಯಿತು. ಅಲ್ಲಿ ಅಲ್ಲಿಯ ತನಕ ಅಳೆದುದರಲ್ಲೆಲ್ಲ ಅದೇ ಹೆಚ್ಚು. ಅದೇ ವರ್ಷ ಮೇ ತಿಂಗಳಿನಲ್ಲಿ ರಾಜಸ್ಥಾನದ ಫಲೋಡಿಯಲ್ಲಿ 51 ಡಿಗ್ರಿ. ಹವಾಮಾನ ಇಲಾಖೆಯಲ್ಲಿ ದೇಶದ ಉಷ್ಣತೆಯ ಲೆಕ್ಕ 1901ರಿಂದ ಇದೆ. 2024ರ ಸಾಲು ಮುಗಿದಾಗ ಅಲ್ಲಿಯ ತನಕದ ವರ್ಷಗಳಲ್ಲೆಲ್ಲ ಅತಿ ಬಿಸಿಯ ವರ್ಷ ಅದೇ ಎಂದು ಇಲಾಖೆ ಹೇಳಿತು. ಜಗತ್ತಿನ ಲೆಕ್ಕದಲ್ಲಿಯೂ 2024 ಹಾಗೆಯೇ ಆಯಿತು.

ಗಾಳಿ ಬಿಸಿಯಾದಷ್ಟೂ ಅದರ ನೀರಡಿಕೆ ಹೆಚ್ಚು. ಒಂದು ಡಿಗ್ರಿ ಏರಿದರೆ ಗಾಳಿ ನೂರಕ್ಕೆ ಏಳರಷ್ಟು ಹೆಚ್ಚು ತೇವವನ್ನು ಹಿಡಿದುಕೊಳ್ಳಬಲ್ಲುದು. ಮಳೆ ಇಲ್ಲದ ದಿನಗಳಲ್ಲಿ ಆ ತೇವವನ್ನು ಅದು ಎಲ್ಲಿಂದ ತರುತ್ತದೆ? ನೆಲದಿಂದ, ಎಲೆಯಿಂದ, ಬಿದ್ದ ಕಟ್ಟಿಗೆಯಿಂದ ಹೀರುತ್ತದೆ. ಒಗೆದ ಬಟ್ಟೆ ಮೇ ತಿಂಗಳಿನಲ್ಲಿ ಎಷ್ಟು ಬೇಗ ಒಣಗುತ್ತದೆಂಬುದನ್ನು ನೋಡಿದವರಿಗೆ ಇದು ತಿಳಿಯುತ್ತದೆ. ಏಪ್ರಿಲಿನಲ್ಲಿ ಆಗುತ್ತಿದ್ದ ಒಣಗು ಫೆಬ್ರವರಿಯಲ್ಲೇ ಆದರೆ ಬೆಂಕಿಯ ಕಾಲ ಉದ್ದವಾಗುತ್ತದೆ, ತರಗು ಬೆಂಕಿ ಇಡಲು ಬೇಕಾದ ತಣುವಿನ ದಿನಗಳು ಕಡಮೆಯಾಗುತ್ತವೆ. 1901ರಿಂದ ಈಚಿನ ಫೆಬ್ರವರಿಗಳಲ್ಲೆಲ್ಲ ಬಿಸಿಯಾದದ್ದು ಎಂಬ ಮಾತನ್ನು 2023ರ ಫೆಬ್ರವರಿಗೂ ಹೇಳಿದರು, ಎರಡೇ ವರ್ಷದಲ್ಲಿ 2025ರ ಫೆಬ್ರವರಿಗೂ ಹೇಳಬೇಕಾಯಿತು.

ಈ ಬಿಸಿಲನ್ನು ಮಾಡಿದವರು ಯಾರು? ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಆಕಾಶದಲ್ಲಿ ಕಂಬಳಿಯಾಗಿ ನಿಂತಿದೆ. ಆ ಹೊಗೆಯ ಬಹುಪಾಲು ಬಂದುದು ಶ್ರೀಮಂತ ದೇಶಗಳಿಂದ, ಮತ್ತು ಪ್ರತಿಯೊಂದು ದೇಶದಲ್ಲಿಯೂ ಶ್ರೀಮಂತರ ಮನೆಗಳಿಂದ. ಸೈಕಲ್ ತುಳಿದು ಮಿಲ್ಲಿಗೆ ಹೋಗುವವನ ಪಾಲು ಅದರಲ್ಲಿ ಎಷ್ಟು? ಸುಡುವ ಪಾಲು ಮಾತ್ರ ಅವನಿಗೆ ಮೊದಲು ಬರುತ್ತದೆ. 2024ರ ಬೇಸಿಗೆಯಲ್ಲಿ ದೇಶದಲ್ಲಿ ಬಿಸಿಲಾಘಾತವೆಂದು ಶಂಕಿಸಿದವರ ಸಂಖ್ಯೆ 40,000ಕ್ಕೂ ಮೇಲೆಂದು ಕೇಂದ್ರ ಸರಕಾರದ ಲೆಕ್ಕವೇ ಹೇಳಿತು. ಆ ವರ್ಷ ಜೂನ್ 1ರಂದು ಉತ್ತರಪ್ರದೇಶದಲ್ಲಿ ಕಡೆಯ ಸುತ್ತಿನ ಮತದಾನ ನಡೆದಾಗ ಚುನಾವಣೆಯ ಕೆಲಸಕ್ಕೆ ಹಾಕಿದ್ದ ಸಿಬ್ಬಂದಿಯಲ್ಲೇ 33 ಮಂದಿ ಬಿಸಿಲಿಗೆ ಸಿಕ್ಕಿ ಸತ್ತರು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಬೆಂಕಿ ಕಂಡಾಗ ಓಡಿಬರುವ ಜನ.

1927ರ ಅರಣ್ಯ ಕಾಯಿದೆಯ 79ನೆಯ ಕಲಮಿನಲ್ಲಿ ಒಂದು ವಿಧಿ ಇದೆ. ಕಾಡಿನಲ್ಲಿ ಮೇವು, ಸೌದೆ ಮೊದಲಾದವುಗಳ ಹಕ್ಕು ಉಳ್ಳವರೆಲ್ಲ ಕಾಡಿಗೆ ಬೆಂಕಿ ಬಿದ್ದಾಗ ಆರಿಸಲು ನೆರವಾಗಲೇಬೇಕು. ಕೇಳಲು ಚೆನ್ನಾಗಿದೆ. ಹಕ್ಕು ಉಳ್ಳವನಿಗೆ ಕರ್ತವ್ಯ. ಆದರೆ ಹಕ್ಕನ್ನೇ ಕಿತ್ತುಕೊಂಡ ಮೇಲೆ ಕರ್ತವ್ಯ ಯಾರದು? ಮನೆಯಿಂದ ಹೊರಗೆ ಹಾಕಿಸಿಕೊಂಡವನನ್ನು ಮನೆಗೆ ಬೆಂಕಿ ಬಿದ್ದಾಗ ನೀರು ತಾ ಎಂದು ಕರೆದರೆ ಅವನು ಬಂದಾನೆಯೇ?

ಇದು ಬರಿಯ ತರ್ಕವಲ್ಲ, ನಡೆದ ಸಂಗತಿ. ಹಿಮಾಲಯದ ಕುಮಾವೂನಿನಲ್ಲಿ 1911ರಿಂದ 1917ರ ನಡುವೆ ಸರಕಾರ ಜನರ ಕಾಡುಗಳನ್ನು ಮೀಸಲು ಎಂದು ಕಟ್ಟಿಹಾಕಿತು. ಮರದ ದಿಮ್ಮಿ, ಪೈನಿನ ರಾಳ ವ್ಯಾಪಾರಕ್ಕೆ ಹೋಯಿತು. ದನದ ಮೇವಿಗೆ ಬೇಲಿ ಬಿತ್ತು. 1921ರ ಜನವರಿಯಲ್ಲಿ ಬಾಗೇಶ್ವರದಲ್ಲಿ ಸೇರಿದ ಜನ ಸರಕಾರಕ್ಕೆ ಬಿಟ್ಟಿ ಚಾಕರಿ ಮಾಡುವುದಿಲ್ಲವೆಂದು ಪಣ ತೊಟ್ಟರು. ಅದೇ ಬೇಸಿಗೆಯಲ್ಲಿ ಮೀಸಲು ಕಾಡುಗಳು ಹೊತ್ತಿ ಉರಿದುವು. ಚರಿತ್ರಕಾರ ರಾಮಚಂದ್ರ ಗುಹಾ ಆ ಕಾಲದ ದಾಖಲೆಗಳನ್ನು ನೋಡಿ ಒಂದು ವಿಶೇಷವನ್ನು ಎತ್ತಿ ತೋರಿಸಿದ್ದಾರೆ: ಉರಿದುದು ಸರಕಾರಕ್ಕೆ ಹಣ ತರುವ ಪೈನಿನ ಕಾಡು, ಜನರಿಗೆ ಮೇವು, ಸೌದೆ ಕೊಡುವ ಅಗಲ ಎಲೆಯ ಮರಗಳ ಕಾಡಿಗೆ ಅವರು ಕೈ ಹಚ್ಚಿದ ಗುರುತಿಲ್ಲ. ಸರಕಾರ ಆಗ ಜನರ ದೂರು ಕೇಳಲು ಸಮಿತಿ ನೇಮಿಸಬೇಕಾಯಿತು. ಅದರ ಫಲವಾಗಿ 1931ರಲ್ಲಿ ಹಳ್ಳಿಯ ಕಾಡನ್ನು ಹಳ್ಳಿಯವರೇ ನೋಡಿಕೊಳ್ಳುವ ವನ ಪಂಚಾಯತಿಯ ನಿಯಮ ಬಂತು.

ಈಗ ಬೆಂಕಿ ಆರಿಸುವ ಕೆಲಸ ಸಂಬಳದ ಕೆಲಸವಾಗಿದೆ. ಆದರೆ ಅದು ಎಂಥ ಸಂಬಳ? ಬೇಸಿಗೆ ಬಂದಾಗ ಕೆಲವು ತಿಂಗಳ ಮಟ್ಟಿಗೆ ಹಾಡಿಯ, ಹಳ್ಳಿಯ ಯುವಕರನ್ನು ಬೆಂಕಿ ಕಾವಲುಗಾರರೆಂದು ದಿನಗೂಲಿಗೆ ತೆಗೆದುಕೊಳ್ಳುತ್ತಾರೆ. ಬೆಂಕಿ ರೇಖೆ ಕಡಿಯುವುದು, ಮರದ ಮೇಲೆ ಕೂತು ಹೊಗೆ ಕಾಯುವುದು, ಹೊಗೆ ಕಂಡಲ್ಲಿಗೆ ಓಡುವುದು ಅವರ ಕೆಲಸ. ಮಳೆ ಬಿತ್ತೆಂದರೆ ಕೆಲಸವೂ ಮುಗಿಯಿತು. ಈಗ ಉಪಗ್ರಹವಿದೆ, ಎಲ್ಲಿ ಬೆಂಕಿ ಎಂಬ ಸುದ್ದಿ ಮೊಬೈಲಿಗೆ ಬರುತ್ತದೆ. ಒಳ್ಳೆಯದೇ. ಆದರೆ ಉಪಗ್ರಹ ಬೆಂಕಿಯನ್ನು ನೋಡಬಲ್ಲುದೇ ಹೊರತು ಆರಿಸಲಾರದು.

ಸಾವಿನ ಲೆಕ್ಕವನ್ನೂ ಹೇಳಬೇಕು. 2017ರ ಫೆಬ್ರವರಿಯಲ್ಲಿ ಇದೇ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಒಬ್ಬ ಫಾರೆಸ್ಟ್ ಗಾರ್ಡ್ ಸುಟ್ಟು ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯ ಕಾಡಿನಲ್ಲಿ ಇನ್ನೊಬ್ಬರು. 2024ರ ಜೂನ್ 13ರಂದು ಉತ್ತರಾಖಂಡದ ಬಿನ್ಸರ್ ಕಾಡಿನಲ್ಲಿ ಬೆಂಕಿ ಆರಿಸಲು ಹೋದ ನಾಲ್ಕು ಮಂದಿ ಸಿಬ್ಬಂದಿ ಸ್ಥಳದಲ್ಲೇ ಬೆಂದುಹೋದರು. ಅವರಲ್ಲಿ ಕಾಯಂ ಅಲ್ಲದವರೂ ಇದ್ದರು. ಇದಕ್ಕೆ ಕೇವಲ ಒಂದು ತಿಂಗಳ ಹಿಂದೆ ದಿಲ್ಲಿಯ ಸರ್ವೋಚ್ಚ ನ್ಯಾಯಾಲಯ ಆ ರಾಜ್ಯವನ್ನು ಕೇಳಿತ್ತು: ಕಾಡು ಉರಿಯುತ್ತಿರುವಾಗ ಅರಣ್ಯ ಸಿಬ್ಬಂದಿಯನ್ನು ಚುನಾವಣೆಯ ಕೆಲಸಕ್ಕೆ ಏಕೆ ಕಳಿಸಿದಿರಿ? ಖಾಲಿ ಬಿದ್ದ ಹುದ್ದೆಗಳನ್ನು ಏಕೆ ತುಂಬಲಿಲ್ಲ? ಬೆಂಕಿಯ ಕೆಲಸಕ್ಕೆಂದು 10 ಕೋಟಿ ರೂಪಾಯಿ ಕೇಳಿದುದಕ್ಕೆ ಕೇಂದ್ರದಿಂದ ಬಂದುದು 3.15 ಕೋಟಿ ಎಂದು ರಾಜ್ಯದ ವಕೀಲರು ಅಲ್ಲಿ ಹೇಳಿದರು. ಕೇಳಿದವರು, ಕೊಡದವರು ಇಬ್ಬರೂ ಉಳಿದರು. ಕೊಂಬೆ ಹಿಡಿದು ಮುಂದೆ ಹೋದವರು ಉಳಿಯಲಿಲ್ಲ.

ದೊಡ್ಡ ದೇಶಗಳಲ್ಲಿ ಇದಕ್ಕಿಂತ ಚೆನ್ನಾಗಿದೆಯೆಂದು ತಿಳಿಯಬೇಡಿ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾಸ್ ಏಂಜಲೀಸಿನ ಅಂಚಿನಲ್ಲಿ ಬೆಂಕಿ ಎದ್ದು 16,000ಕ್ಕೂ ಹೆಚ್ಚು ಕಟ್ಟಡಗಳನ್ನು ತಿಂದಿತು. ಸಿನಿಮಾ ತಾರೆಗಳ ಬಂಗಲೆಗಳ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಅದನ್ನು ಆರಿಸಲು ನಿಂತವರಲ್ಲಿ ಸುಮಾರು ಸಾವಿರ ಮಂದಿ ಸೆರೆಮನೆಯ ಕೈದಿಗಳಿದ್ದರೆಂಬುದನ್ನು ಎಷ್ಟು ಮಂದಿ ಕೇಳಿದ್ದೀರಿ? ಅವರಿಗೆ ಆಗ ಕೊಡುತ್ತಿದ್ದ ಕೂಲಿ ದಿನಕ್ಕೆ ಸುಮಾರು 6ರಿಂದ 10 ಡಾಲರು. ಬೆಂಕಿಯ ಮುಂದೆ ನಿಂತ ಗಂಟೆಗೆ ಇನ್ನೊಂದು ಡಾಲರು. ಕೂಗೆದ್ದ ಮೇಲೆ ಆ ವರ್ಷದ ಕೊನೆಯ ಹೊತ್ತಿಗೆ ಕಾಯಿದೆ ಮಾಡಿ ಹೆಚ್ಚಿಸಿದರು. ಜಗತ್ತಿನಲ್ಲೇ ಹಣವುಳ್ಳ ನಾಡಿನಲ್ಲಿಯೂ ಬೆಂಕಿಯ ಮುಂದಿನ ಸಾಲಿಗೆ ಅಗ್ಗದ ಕೈಯನ್ನೇ ಹುಡುಕುತ್ತಾರೆ.

ಗೆಳೆಯರೇ, ಈ ಮೂರನ್ನೂ ಕೂಡಿಸಿ ನೋಡಿದರೆ ಮಾಡಬೇಕಾದ್ದೇನೆಂಬುದು ತಾನಾಗಿಯೇ ಕಾಣುತ್ತದೆ.

ಒಂದು: ಬೆಂಕಿ ಕಾವಲುಗಾರರಿಗೆ ವರ್ಷವಿಡೀ ಕೆಲಸ ಬೇಕು. ಬೇಸಿಗೆಯಲ್ಲಿ ಬೆಂಕಿ ಕಾಯಲಿ. ಮಳೆಗಾಲದಲ್ಲಿ, ನೆಲ ಮೆದುವಾಗಿರುವಾಗ, ಲಂಟಾನ ಕೀಳಲಿ. ಅವರಿಗೆ ಕಾಯಂ ಹುದ್ದೆ, ಬೂಟು, ಬೆಂಕಿ ತಡೆಯುವ ಬಟ್ಟೆ, ಕುಡಿಯುವ ನೀರು, ವಿಮೆ ಇರಬೇಕು. ಸತ್ತ ಮೇಲೆ ಪರಿಹಾರ ಘೋಷಿಸುವುದಕ್ಕಿಂತ ಇದು ಅಗ್ಗ.

ಎರಡು: 2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಈ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಕಾಡಿನೊಳಗೆ ದೇಶದಲ್ಲಿ ಮೊದಲು ಸಿಕ್ಕಿದುದು ಅಲ್ಲಿಯೇ. ಕಾಗದದ ಹಕ್ಕು ಕೈಗೆ ಬರಬೇಕು. ಬೆಂಕಿಯ ಯೋಜನೆ ಮಾಡುವ ಮೇಜಿನ ಬಳಿ ತರಗು ಬೆಂಕಿ ಬಲ್ಲ ಹಿರಿಯರಿಗೂ ಒಂದು ಕುರ್ಚಿ ಇರಬೇಕು.

ಮೂರು: ಕಿತ್ತ ಲಂಟಾನಕ್ಕೆ ಬೆಲೆ ಬರಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಮಾಡುವುದನ್ನು ಕಲಿತಿದ್ದಾರೆ. ನೀಲಗಿರಿಯ ಗುಡಲೂರಿನ ಆದಿವಾಸಿಗಳು ಅದರ ಕಡ್ಡಿಯಿಂದ ಕಟ್ಟಿದ ಆಳೆತ್ತರದ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತುವು. ಉರುವಲಾಗಿ ಅದನ್ನು ಅದುಮಿ ಇಟ್ಟಿಗೆ ಮಾಡಿದರೆ ನಮ್ಮ ಭಟ್ಟಿಗಳಿಗೂ ಬಾಯ್ಲರುಗಳಿಗೂ ಬಂದೀತು. ಕಾಡಿನಲ್ಲಿ ಶತ್ರುವಾಗಿರುವ ಉರುವಲು ಒಲೆಯಲ್ಲಿ ಉರಿಯಲಿ. ಇದನ್ನು ಗುತ್ತಿಗೆದಾರನ ಕೈಗೆ ಕೊಡದೆ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ನಡೆಸಬೇಕು. ಇಲ್ಲಿ ಪೇಟೆಯ ವ್ಯಾಪಾರಿ ಬಂಧುಗಳಿಗೂ ಒಂದು ಮಾತು: ಕಾಡಿನ ಸರಕನ್ನು ಸಂಘದಿಂದ ನೇರ ಕೊಳ್ಳಿ. ನಡುವಿನ ದಲ್ಲಾಳಿಗೆ ಹೋಗುವ ದುಡ್ಡಿನಲ್ಲಿ ಅರ್ಧ ಆಯ್ದವನಿಗೆ ಹೋದರೆ ಆ ಕಾಡನ್ನು ಕಾಯಲು ಅವನಿಗೊಂದು ಕಾರಣ ಸಿಕ್ಕುತ್ತದೆ.

ನಾಲ್ಕು: ನಮ್ಮ ಸ್ವಂತ ಬಿಸಿಲಿನ ಮಾತು. 1948ರ ಫ್ಯಾಕ್ಟರಿ ಕಾಯಿದೆಯ 13ನೆಯ ಕಲಮಿನಲ್ಲಿ ಕೆಲಸದ ಕೋಣೆಯ ಗಾಳಿ ಮತ್ತು ಉಷ್ಣತೆಯ ಮಾತಿತ್ತು. 18ನೆಯ ಕಲಮಿನಲ್ಲಿ 250ಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಬೇಸಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು ಕೊಡಬೇಕೆಂದಿತ್ತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಜಾಗಕ್ಕೆ 2020ರ ಹೊಸ ಸಂಹಿತೆ ಬಂದಿದೆ. ಕಾಯಿದೆಯ ಹೆಸರು ಬದಲಾಗಬಹುದು, ಬಿಸಿಲು ಬದಲಾಗಿಲ್ಲ. ಹೊಸ ನಿಯಮಗಳಲ್ಲಿ ಇಷ್ಟು ಡಿಗ್ರಿ ದಾಟಿದರೆ ಪಾಳಿಯ ವೇಳೆ ಬದಲಾಗಬೇಕು, ಇಷ್ಟು ಹೊತ್ತಿಗೊಮ್ಮೆ ಬಿಡುವು ಕೊಡಬೇಕು, ಆ ಬಿಡುವಿಗೆ ಕೂಲಿ ಕಡಿಯಬಾರದು ಎಂದು ಅಂಕೆ ಹಾಕಿ ಬರೆಯಿಸಬೇಕು. ಮಿಲ್ಲಿನವರಿಗೆ ಮಾತ್ರವಲ್ಲ, ಹಮಾಲರಿಗೆ, ಭಟ್ಟಿಯವರಿಗೆ, ತಳ್ಳುಗಾಡಿಯವರಿಗೆ, ಕಾಡಿನ ಕಾವಲುಗಾರರಿಗೆ, ಎಲ್ಲರಿಗೂ ಅದು ಅನ್ವಯಿಸಬೇಕು.

ಐದು: ನಾವು ಮಾಡಬಹುದಾದ್ದು. ಬೇಸಿಗೆಯಲ್ಲಿ ಬೆಟ್ಟಕ್ಕೆ, ಜಾತ್ರೆಗೆ ಹೋಗುವಾಗ ಕಾಡಿನೊಳಗೆ ಒಲೆ ಹೂಡಬೇಡಿ, ಬೀಡಿಯ ತುಂಡನ್ನು ಕಾಲಿನಿಂದ ಹೊಸಕಿ ಮುಂದೆ ಹೋಗಿ. ಇದನ್ನು ಇತರರಿಗೆ ಹೇಳುವ ಮುನ್ನ ನಾವು ಪಾಲಿಸಬೇಕು. ಮತ್ತು ಮುಂದಿನ ಸಲ ಕಾಡಿಗೆ ಬೆಂಕಿ ಬಿದ್ದ ಸುದ್ದಿ ಬಂದಾಗ, ಹಾಡಿಯವರೇ ಇಟ್ಟಿರಬೇಕೆಂದು ಹೋಟೆಲಿನ ಬೆಂಚಿನ ಮೇಲೆ ಕೂತು ತೀರ್ಪು ಕೊಡಬೇಡಿ. ಮಿಲ್ಲಿನಲ್ಲಿ ಯಂತ್ರ ಕೆಟ್ಟಾಗ ಮೊದಲು ಆಪಾದನೆ ಬರುವುದು ಯಾರ ಮೇಲೆಂಬುದು ನಮಗೆ ಗೊತ್ತು. ಎಣ್ಣೆ ಹಾಕದ ಯಜಮಾನನ ಮೇಲೆ ಬರುವುದಿಲ್ಲ, ಯಂತ್ರ ಮುಟ್ಟಿದ ಕೂಲಿಯವನ ಮೇಲೆ ಬರುತ್ತದೆ.

ದೇಶದ ಕಾಡಿನಲ್ಲಿ ನೂರಕ್ಕೆ 36ರಷ್ಟು ಭಾಗ ಪದೇ ಪದೇ ಬೆಂಕಿ ಬೀಳುವಂಥದು ಎಂದು ಭಾರತೀಯ ಅರಣ್ಯ ಸರ್ವೇಕ್ಷಣೆ 2019ರ ವರದಿಯಲ್ಲಿ ಹೇಳಿದೆ. ಅಷ್ಟು ಕಾಡನ್ನು ಹೆಲಿಕಾಪ್ಟರಿನಿಂದ ಕಾಯಲಾಗುವುದಿಲ್ಲ, ಕೇಸು ಹಾಕಿಯೂ ಕಾಯಲಾಗುವುದಿಲ್ಲ. ಕಾಡು ತಮ್ಮದೆಂದು ತಿಳಿದ ಜನ, ದುಡಿಮೆಗೆ ತಕ್ಕ ಕೂಲಿ ಪಡೆದ ಜನ ಮಾತ್ರ ಅದನ್ನು ಕಾಯಬಲ್ಲರು. ಈ ಬೇಡಿಕೆಗಳನ್ನು ಬರೆದು ನಮ್ಮ ಸಂಘದ ಪರವಾಗಿ ಜಿಲ್ಲಾಧಿಕಾರಿಗಳಿಗೂ ಶಾಸಕರಿಗೂ ಕೊಡಬೇಕೆಂದು ಸಭೆಯ ಮುಂದೆ ನಿರ್ಣಯ ಇಡುತ್ತೇವೆ. ಸಹಿ ಹಾಕುವವರು ಬಾಗಿಲ ಬಳಿಯ ಮೇಜಿಗೆ ಬನ್ನಿ. ಓದಲು ಬಾರದವರಿಗೆ ಓದಿ ಹೇಳಲು ನಮ್ಮ ಗೆಳೆಯರು ಅಲ್ಲಿ ಕೂತಿದ್ದಾರೆ. ಕೇಳಿ ತಿಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿ.